ಎಣಿಸಲು ಕಲಿಸಿದ ಭಾಸ್ಕರಾಚಾರ್ಯರು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ, ನಾನು ಸಾಫ್ಟ್‌ವೇರ್ ಕೆಲಸದ ಬಗ್ಗೆಯೋ ಬೆಂಗಳೂರಿನ ಬಗ್ಗೆಯೋ ಬರೆಯುತ್ತೇನೆ ಎಂದು ಅವರು ತಿಳಿದಿದ್ದರು. ಆದರೆ ನಾನು ಬರೆಯಹೊರಟಿರುವುದು 900 ವರ್ಷಗಳ ಹಿಂದೆ ಹುಟ್ಟಿದ ಭಾಸ್ಕರಾಚಾರ್ಯರ ಬಗ್ಗೆ. ಅವರ ಹೆಸರನ್ನು ನಾನು ಮೊದಲು ಸರಿಯಾಗಿ ಕೇಳಿದ್ದು ಈ ಶಾಲೆಯಲ್ಲಿ. ಅದೂ ತರಗತಿಯೊಳಗಲ್ಲ, ಹಲಸಿಯ ದೇವಸ್ಥಾನದ ಕಟ್ಟೆಯ ಮೇಲೆ.

ಆಗ ನಾನು ಎಂಟನೇ ತರಗತಿ. ನಮ್ಮ ಖಾನಾಪುರ ತಾಲೂಕಿನಲ್ಲೇ ಇರುವ ಹಲಸಿಗೆ ಶಾಲೆಯಿಂದ ಒಂದು ದಿನದ ಪ್ರವಾಸ ಹೋಗಿದ್ದೆವು. ಭೂವರಾಹ ನರಸಿಂಹ ದೇವಸ್ಥಾನ ನೋಡಿದೆವು, ನಾರಾಯಣನ ಮೂರ್ತಿಗೆ ಕೈಮುಗಿದೆವು. ಬುತ್ತಿ ಬಿಚ್ಚಿ ಉಂಡಾದ ಮೇಲೆ ನಮ್ಮ ಗಣಿತದ ಗುರುಗಳು ನೋಟಬುಕ್ಕಿನ ಒಂದು ಹಾಳೆ ಹರಿದು ನಾಲ್ಕು ಚೀಟಿ ಮಾಡಿದರು. ಒಂದರಲ್ಲಿ ಶಂಖ, ಒಂದರಲ್ಲಿ ಚಕ್ರ, ಒಂದರಲ್ಲಿ ಗದೆ, ಒಂದರಲ್ಲಿ ಪದ್ಮ ಎಂದು ಬರೆದರು. ವಿಷ್ಣುವಿಗೆ ನಾಲ್ಕು ಕೈ, ಈ ನಾಲ್ಕು ವಸ್ತುಗಳನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಹೋದರೆ ಒಟ್ಟು ಎಷ್ಟು ಬಗೆಯ ಮೂರ್ತಿಗಳಾಗುತ್ತವೆ ಎಂದು ಕೇಳಿದರು.

ನಾವೆಲ್ಲ ಗಡಿಬಿಡಿಯಿಂದ ಬರೆಯತೊಡಗಿದೆವು. ನನಗೆ 19 ಬಂತು. ಪಕ್ಕದವನಿಗೆ 31 ಬಂತು, ಅದರಲ್ಲಿ ಎಷ್ಟೋ ಎರಡೆರಡು ಸಲ ಬಂದಿದ್ದವು. ನಮ್ಮ ತರಗತಿಯ ಒಬ್ಬ ಹುಡುಗಿ ಮಾತ್ರ ಅವಸರ ಮಾಡದೆ ಕುಳಿತಿದ್ದಳು. ಅವಳು ಶಂಖವನ್ನು ಮೊದಲ ಕೈಯಲ್ಲಿ ಇಟ್ಟು ಅದನ್ನು ಕದಲಿಸಲಿಲ್ಲ. ಉಳಿದ ಮೂರನ್ನು ಮಾತ್ರ ಅದಲುಬದಲು ಮಾಡಿದಳು, ಆರು ಬಗೆ ಬಂದವು. ಆಮೇಲೆ ಮೊದಲ ಕೈಗೆ ಚಕ್ರ ಕೊಟ್ಟು ಮತ್ತೆ ಆರು. ಗದೆಗೆ ಆರು, ಪದ್ಮಕ್ಕೆ ಆರು. ಒಟ್ಟು 24. ಗುರುಗಳು ಅವಳ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಕೇಶವ, ನಾರಾಯಣ, ಮಾಧವ ಎಂದು ಹಿರಿಯರು ಹೇಳುವ ವಿಷ್ಣುವಿನ ಹೆಸರುಗಳೂ 24, ಒಂದೊಂದು ಹೆಸರಿಗೂ ಕೈಯಲ್ಲಿನ ವಸ್ತುಗಳ ಕ್ರಮ ಬೇರೆ ಬೇರೆ ಎಂದು ಹೇಳಿದರು. ಈ ಲೆಕ್ಕವನ್ನು ಭಾಸ್ಕರಾಚಾರ್ಯರು ತಮ್ಮ ಲೀಲಾವತಿ ಗ್ರಂಥದಲ್ಲಿ ಕೇಳಿದ್ದಾರೆ ಎಂದೂ, ನಾವು ಕುಳಿತಿದ್ದ ಈ ಗುಡಿಯೂ ಆ ಗ್ರಂಥವೂ ಒಂದೇ ಶತಮಾನದವು ಎಂದೂ ತಿಳಿಸಿದರು.

ಭಾಸ್ಕರಾಚಾರ್ಯರ ಜೀವನದ ಬಗ್ಗೆ ನಮಗೆ ತಿಳಿದಿರುವುದು ಸ್ವಲ್ಪ. ಆದರೆ ಆ ಸ್ವಲ್ಪದಲ್ಲಿ ಬಹುಪಾಲು ಅವರೇ ಬರೆದಿಟ್ಟದ್ದು. ಶಕ ವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ತಾವು ಹುಟ್ಟಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಆಗ ನಮ್ಮ ನಾಡನ್ನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಬಾಗೇವಾಡಿಯಲ್ಲಿ ಬಸವಣ್ಣನವರು ಹುಟ್ಟಿದ್ದೂ ಅದೇ ಶತಮಾನದಲ್ಲಿ. ಭಾಸ್ಕರರ ಗೋತ್ರ ಶಾಂಡಿಲ್ಯ. ತಂದೆ ಮಹೇಶ್ವರರು ದೊಡ್ಡ ಜ್ಯೋತಿಷಿ, ಮಗನಿಗೆ ಅವರೇ ಗುರು. ಮನೆಯೇ ಶಾಲೆಯಾಗಿದ್ದ ಕಾಲ ಅದು. ಗಣಿತ ಮತ್ತು ಜ್ಯೋತಿಷ ಆ ಮನೆತನದಲ್ಲಿ ತಂದೆಯಿಂದ ಮಗನಿಗೆ ಹರಿದು ಬಂದಿತ್ತು.

ತಮ್ಮ ಊರು ಸಹ್ಯ ಪರ್ವತವನ್ನು ಆಶ್ರಯಿಸಿದ ವಿಜ್ಜಡವಿಡ ಎಂದು ಅವರು ಹೇಳುತ್ತಾರೆ. ಈ ವಿಜ್ಜಡವಿಡ ಎಲ್ಲಿದೆ ಎಂಬುದರ ಮೇಲೆ ಇಂದಿಗೂ ವಾದವಿದೆ. ನಾವು ಅದನ್ನು ವಿಜಾಪುರ ಎಂದು ನಂಬಿಕೊಂಡು ಬಂದಿದ್ದೇವೆ, ಪಠ್ಯಪುಸ್ತಕಗಳಲ್ಲೂ ಹಾಗೆಯೇ ಓದಿದ್ದೇವೆ. ವಿಜಾಪುರದ ಬಯಲಿನಿಂದ ಸಹ್ಯಾದ್ರಿ ಕಾಣುವುದಿಲ್ಲವಲ್ಲ, ಆದ್ದರಿಂದ ಅದು ಮಹಾರಾಷ್ಟ್ರದ ಚಾಳಿಸಗಾಂವದ ಕಡೆ ಇರಬೇಕು ಎನ್ನುವವರೂ ಇದ್ದಾರೆ. ಕನ್ನಡ, ಮರಾಠಿ ಎರಡನ್ನೂ ಆಡುತ್ತ ಬೆಳೆದ ನಮ್ಮ ತಾಲೂಕಿನ ಮಕ್ಕಳಿಗೆ ಇಂಥ ವಾದ ಹೊಸದಲ್ಲ. ಅವರು ಬರೆದದ್ದು ಸಂಸ್ಕೃತದಲ್ಲಿ. ಅವರು ಹೇಳಿದ ಸಹ್ಯಾದ್ರಿಯಂತೂ ಕಣಕುಂಬಿಯ ಕಡೆ ಮುಖ ಮಾಡಿದರೆ ನಮ್ಮ ಶಾಲೆಯ ಅಂಗಳದಿಂದಲೇ ಕಾಣುತ್ತದೆ. ಹೀಗಾಗಿ ಅವರನ್ನು ನಮ್ಮವರು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ, ಅವರೂ ತಮ್ಮವರು ಎಂದರೆ ತಕರಾರೂ ಇಲ್ಲ.

36ನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿ ಎಂಬ ಮಹಾಗ್ರಂಥ ರಚಿಸಿದರು. ಅಂಕಗಣಿತಕ್ಕೆ ಲೀಲಾವತಿ, ಬೀಜಗಣಿತಕ್ಕೆ ಬೀಜಗಣಿತ, ಗ್ರಹಗಳ ಚಲನೆಗೆ ಗ್ರಹಗಣಿತ, ಗೋಳದ ವಿಚಾರಕ್ಕೆ ಗೋಲಾಧ್ಯಾಯ ಎಂದು ಅದನ್ನು ನಾಲ್ಕು ಭಾಗಗಳಾಗಿ ಎಣಿಸುತ್ತಾರೆ. ಸೂತ್ರ ಕೊಟ್ಟು ಸುಮ್ಮನಾಗದೆ, ಅದು ಏಕೆ ಸರಿ ಎಂಬುದನ್ನು ತೋರಿಸುವ ವಾಸನಾಭಾಷ್ಯ ಎಂಬ ವ್ಯಾಖ್ಯಾನವನ್ನೂ ತಾವೇ ಬರೆದರು. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗವೇ ಬರಬೇಕು, ಆ ಸಂಖ್ಯೆ ಯಾವುದು ಎಂಬ ಪ್ರಶ್ನೆಗೆ ಅವರು ಚಕ್ರವಾಲ ಎಂಬ ವಿಧಾನದಿಂದ 226153980 ಎಂದು ಉತ್ತರ ಕಂಡುಹಿಡಿದರು. ಸುಮಾರು 500 ವರ್ಷಗಳ ನಂತರ, 1657ರಲ್ಲಿ, ಫ್ರಾನ್ಸಿನ ಫರ್ಮಾ ಇದೇ 61ರ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರ ಮುಂದಿಟ್ಟ. 69ನೆಯ ವಯಸ್ಸಿನಲ್ಲಿ, 1183ರಲ್ಲಿ, ಗ್ರಹಗಣನೆಯನ್ನು ಸುಲಭ ಮಾಡುವ ಕರಣಕುತೂಹಲ ಎಂಬ ಗ್ರಂಥ ಬರೆದರು. 1979ರಲ್ಲಿ ಹಾರಿದ ಭಾರತದ ಉಪಗ್ರಹಕ್ಕೆ ಭಾಸ್ಕರ ಎಂಬ ಹೆಸರಿತ್ತು. 7ನೆಯ ಶತಮಾನದ ಇನ್ನೊಬ್ಬ ಭಾಸ್ಕರ ಮತ್ತು ಇವರು, ಇಬ್ಬರ ನೆನಪೂ ಅದರಲ್ಲಿತ್ತು.

ಆದರೆ ಮಕ್ಕಳಿಗೆ ಅವರು ಹತ್ತಿರವಾಗುವುದು ಲೀಲಾವತಿಯಿಂದ. ಅದರಲ್ಲಿ ಹೂವಿನ ಮೇಲಿನ ದುಂಬಿಗಳಿವೆ, ಕಂಬದ ಮೇಲಿನ ನವಿಲು ಇದೆ, ಬಡ್ಡಿ ಮತ್ತು ವ್ಯಾಪಾರದ ಲೆಕ್ಕಗಳಿವೆ. ಪ್ರಶ್ನೆಗಳನ್ನು ಕೆಲವೊಮ್ಮೆ ಒಬ್ಬ ಬಾಲೆಗೆ, ಕೆಲವೊಮ್ಮೆ ಗೆಳೆಯನಿಗೆ ಕೇಳುತ್ತಾರೆ. ಈ ಪುಸ್ತಕದಲ್ಲಿ ಎರಡು ಕಡೆ ಅವರು ಕೂಡಿಸುವುದನ್ನೂ ಕಳೆಯುವುದನ್ನೂ ಬಿಟ್ಟು ಬೇರೆ ಒಂದು ವಿದ್ಯೆ ಕಲಿಸುತ್ತಾರೆ. ಎಷ್ಟು ಬಗೆಯಾಗಿ ಜೋಡಿಸಬಹುದು, ಎಷ್ಟು ಬಗೆಯಾಗಿ ಆರಿಸಬಹುದು ಎಂದು ಎಣಿಸುವ ವಿದ್ಯೆ. ನಾವು ಹತ್ತನೇ ತರಗತಿಯಲ್ಲಿ ಕ್ರಮಯೋಜನೆ ಮತ್ತು ವಿಕಲ್ಪ ಎಂದು ಓದಿದ್ದು ಇದನ್ನೇ.

ಮೊದಲನೆಯ ಕಡೆ ಅವರು ಅಡುಗೆಮನೆಗೆ ಕರೆದೊಯ್ಯುತ್ತಾರೆ. ಸಿಹಿ, ಖಾರ, ಒಗರು, ಹುಳಿ, ಉಪ್ಪು, ಕಹಿ ಎಂಬ ಆರು ರುಚಿಗಳಿವೆ. ಒಂದೊಂದನ್ನೇ, ಎರಡೆರಡನ್ನು, ಮೂರು ಮೂರನ್ನು, ಹೀಗೆ ಬೆರೆಸುತ್ತ ಹೋದರೆ ಎಷ್ಟು ಬಗೆಯ ಅಡುಗೆಯಾಗುತ್ತದೆ? ಒಂದೇ ರುಚಿಯವು 6, ಎರಡರವು 15, ಮೂರರವು 20, ನಾಲ್ಕರವು 15, ಐದರವು 6, ಆರೂ ಸೇರಿದ್ದು 1, ಒಟ್ಟು 63. ಅರಮನೆಗೂ ಕರೆದೊಯ್ಯುತ್ತಾರೆ. ಅರಸನ ಸುಂದರ ಭವನಕ್ಕೆ ಎಂಟು ಬಾಗಿಲು. ಒಂದು ತೆರೆಯಬಹುದು, ಎರಡು ತೆರೆಯಬಹುದು, ಎಂಟನ್ನೂ ತೆರೆಯಬಹುದು. ಒಟ್ಟು 255 ಬಗೆ.

ಎರಡನೆಯದು ಪುಸ್ತಕದ ಕೊನೆಗೆ ಬರುವ ಅಂಕಪಾಶ. ಅಂಕಿಗಳ ಬಲೆ ಎಂದು ಅರ್ಥ. 2 ಮತ್ತು 8 ಎಂಬ ಎರಡೇ ಅಂಕಿಗಳಿಂದ ಆರಂಭಿಸಿ, 3, 9, 8ರಿಂದ ಎಷ್ಟು ಸಂಖ್ಯೆಗಳಾಗುತ್ತವೆ, ಅವೆಲ್ಲದರ ಮೊತ್ತವೆಷ್ಟು ಎಂದು ಕೇಳುತ್ತಾರೆ. ಸಂಖ್ಯೆಗಳು 6, ಮೊತ್ತ 4440. ಆಮೇಲೆ ಹರಿಯ ನಾಲ್ಕು ಕೈಗಳು, ಶಿವನ ಹತ್ತು ಕೈಗಳು. ಹಗ್ಗ, ಅಂಕುಶ, ಸರ್ಪ, ಡಮರು, ಕಪಾಲ, ತ್ರಿಶೂಲ ಮೊದಲಾದ ಹತ್ತು ವಸ್ತುಗಳನ್ನು ಹತ್ತು ಕೈಗಳಲ್ಲಿ ಬದಲಾಯಿಸಿದರೆ 3628800 ರೂಪಗಳು. ಒಂದು ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಬಿಡದೆ ತೋರಿಸಿದರೆ ಮುಗಿಯಲು ಸರಿಯಾಗಿ 42 ದಿನ ಬೇಕು. ಈ ಅಧ್ಯಾಯದ ಕೊನೆಯಲ್ಲಿ ಆಚಾರ್ಯರು ಒಂದು ತುಂಟ ಮಾತು ಸೇರಿಸಿದ್ದಾರೆ. ಇಲ್ಲಿ ಗುಣಾಕಾರ, ಭಾಗಾಕಾರ, ವರ್ಗ, ಘನ ಯಾವುದನ್ನೂ ಕೇಳಿಲ್ಲ, ಆದರೂ ಗಣಿತ ಬಲ್ಲೆನೆಂದು ಬೀಗುವ ಹುಡುಗರು ಈ ಬಲೆಯಲ್ಲಿ ಬೀಳದೆ ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಅದನ್ನು ಓದಿದಾಗ ನನಗೆ ಹಲಸಿಯ ಕಟ್ಟೆ ಮತ್ತು ನನ್ನ 19 ನೆನಪಾದವು.

ಈ ವಿದ್ಯೆಯನ್ನು ಭಾಸ್ಕರರೇ ಮೊದಲು ಕಂಡುಹಿಡಿದರು ಎಂದು ಹೇಳಿದರೆ ತಪ್ಪಾಗುತ್ತದೆ. ಅವರಿಗಿಂತ 300 ವರ್ಷ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಆರಿಸುವ ಬಗೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದರು. ಭಾಸ್ಕರರ ಶತಮಾನದಲ್ಲೇ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತ ಬರೆದ. ನಮ್ಮ ನಾಡಿನಲ್ಲಿ ಲೆಕ್ಕಕ್ಕೆ ಬರವಿರಲಿಲ್ಲ. ಭಾಸ್ಕರರ ಹೆಚ್ಚುಗಾರಿಕೆ ಕಲಿಸುವ ಕ್ರಮದಲ್ಲಿದೆ. ಎರಡು ಅಂಕಿಯಿಂದ ಮೂರಕ್ಕೆ, ನಾಲ್ಕು ಕೈಯಿಂದ ಹತ್ತಕ್ಕೆ, ಬೆರಳಿನಲ್ಲಿ ಎಣಿಸಬಹುದಾದದ್ದರಿಂದ ಎಣಿಸಲಾಗದ್ದಕ್ಕೆ ಅವರು ಮೆಲ್ಲಗೆ ಕೈಹಿಡಿದು ಕರೆದೊಯ್ಯುತ್ತಾರೆ.

ನಾನಾದರೋ ಈ ದಾರಿಯಲ್ಲಿ ನಡೆಯಲಿಲ್ಲ. ಹತ್ತನೆಯಲ್ಲಿ, ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆ. ಬೆಳಗಾವಿಯಲ್ಲಿ ಬಿಇ ಮಾಡುವಾಗಲೂ ಅಷ್ಟೇ. ದಿನಾ ಬಸ್ಸಿನಲ್ಲಿ ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುತ್ತ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಸೂತ್ರ ಒಪ್ಪಿಸಿಕೊಳ್ಳುತ್ತಿದ್ದೆ. ನೌಕರಿಗೆ ಸೇರಿದ ಎರಡನೇ ವರ್ಷ ನನ್ನ ಅರೆಜ್ಞಾನ ಬಯಲಾಯಿತು. ಕಂಪ್ಯೂಟರಿನಲ್ಲಿ ತುಂಬುವ ಒಂದು ಅರ್ಜಿಯನ್ನು ಪರೀಕ್ಷಿಸುವ ಕೆಲಸ ನನ್ನದು. ಅದರಲ್ಲಿ ಗುರುತು ಹಾಕಲು ಎಂಟು ಚೌಕಗಳಿದ್ದವು. ಒಂದು ಗುರುತು, ಎರಡು ಗುರುತು, ಎಲ್ಲ ಗುರುತು ಎಂದು ನೋಡಿ ಸರಿಯಿದೆ ಎಂದು ಬರೆದುಕೊಟ್ಟೆ. ಬಳಕೆಗೆ ಬಂದ ದಿನವೇ ಯಾರೋ ಒಂದೂ ಗುರುತು ಹಾಕದೆ ಗುಂಡಿ ಒತ್ತಿದರು, ಇಡೀ ಪ್ರೋಗ್ರಾಮ್ ನಿಂತುಹೋಯಿತು. ಆ ರಾತ್ರಿ ನಾಲ್ಕು ಜನ ನಿದ್ದೆಗೆಟ್ಟು ಅದನ್ನು ಸರಿಪಡಿಸಿದೆವು. ತಪ್ಪು ನನ್ನದೇ ಆಗಿತ್ತು.

ಕೆಲವು ತಿಂಗಳ ನಂತರ ಲೀಲಾವತಿಯ ಅನುವಾದವೊಂದು ಕೈಗೆ ಸಿಕ್ಕಿ, ಎಂಟು ಬಾಗಿಲುಗಳ ಲೆಕ್ಕ ಓದಿದಾಗ ನಗು ಬಂತು. ಪ್ರತಿ ಬಾಗಿಲು ತೆರೆದಿರಬಹುದು ಇಲ್ಲವೇ ಮುಚ್ಚಿರಬಹುದು. ಹಾಗೆ ಎಣಿಸಿದರೆ 256 ಆಗಬೇಕು. ಆಚಾರ್ಯರು 255 ಎಂದಿದ್ದಾರೆ, ಏಕೆಂದರೆ ಅವರು ಕೇಳಿದ್ದು ತೆರೆದ ಬಾಗಿಲುಗಳ ಬಗೆಯನ್ನು. ಎಲ್ಲ ಮುಚ್ಚಿದ ಮನೆಯನ್ನು ತಿಳಿದೇ ಬಿಟ್ಟಿದ್ದಾರೆ. ನಾನು ತಿಳಿಯದೆ ಬಿಟ್ಟಿದ್ದೆ. ಗಾಯತ್ರಿ ಛಂದಸ್ಸಿನಲ್ಲಿ ಲಘು ಗುರುಗಳ ಬಗೆಗಳನ್ನು ಎಣಿಸುವಾಗ ಅವರು ಒಂದೂ ಗುರು ಇಲ್ಲದ ಪಾದವನ್ನು ಬಿಡದೆ ಸೇರಿಸಿಕೊಂಡು, ಆರು ಅಕ್ಷರಗಳ ಒಂದು ಪಾದಕ್ಕೆ 64 ಎಂದು ಹೇಳುತ್ತಾರೆ. 24 ಅಕ್ಷರಗಳ ಇಡೀ ಪದ್ಯಕ್ಕೆ 16777216. ನಮ್ಮ ಮೊಬೈಲು, ಕಂಪ್ಯೂಟರುಗಳ ಪರದೆಯಲ್ಲಿ ಸಾಮಾನ್ಯವಾಗಿ ಮೂಡಿಸಬಹುದಾದ ಬಣ್ಣಗಳ ಸಂಖ್ಯೆಯೂ ಇದೇ. ಅಲ್ಲಿ ಲಘು ಅಥವಾ ಗುರು, ಇಲ್ಲಿ ಸೊನ್ನೆ ಅಥವಾ ಒಂದು, ಎರಡೂ ಕಡೆ 24 ಸ್ಥಾನ. ನನ್ನ ಹೊಟ್ಟೆಪಾಡಿನ ವಿದ್ಯೆಯ ಬೇರು ನಾನು ಎಂಟನೆಯಲ್ಲಿ ಕುಳಿತ ಕಟ್ಟೆಯ ಹತ್ತಿರವೇ ಇತ್ತು ಎಂದು ಆಗ ಅರಿವಾಯಿತು.

ಲೀಲಾವತಿ ಎಂಬ ಹೆಸರಿಗೆ ಒಂದು ಕಥೆ ಅಂಟಿಕೊಂಡಿದೆ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಈ ಪುಸ್ತಕವನ್ನು ಪಾರಸಿಗೆ ಅನುವಾದಿಸಿದಾಗ ಬರೆದ ಕಥೆ ಅದು. ಲೀಲಾವತಿ ಭಾಸ್ಕರರ ಮಗಳು. ಅವಳ ಮದುವೆಗೆ ಒಂದೇ ಒಂದು ಶುಭ ಗಳಿಗೆ ಇತ್ತು. ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟಿದ್ದರು. ಹುಡುಗಿ ಕುತೂಹಲದಿಂದ ಬಗ್ಗಿ ನೋಡುವಾಗ ಉಡುಪಿನ ಒಂದು ಮುತ್ತು ಕಳಚಿ ಬಟ್ಟಲಿನ ತೂತಿಗೆ ಅಡ್ಡವಾಯಿತು. ಗಳಿಗೆ ಮೀರಿತು, ಮದುವೆ ತಪ್ಪಿತು. ಮಗಳ ಹೆಸರು ಉಳಿಯಲೆಂದು ತಂದೆ ಪುಸ್ತಕಕ್ಕೆ ಅವಳ ಹೆಸರಿಟ್ಟರು. ಭಾಸ್ಕರರು ಎಲ್ಲೂ ಈ ಮಾತು ಹೇಳಿಲ್ಲ, ಇದನ್ನು ಇತಿಹಾಸ ಎನ್ನಲಾಗದು.

ಆದರೂ ಈ ಕಥೆ ಓದಿದಾಗಲೆಲ್ಲ ಹಲಸಿಯಲ್ಲಿ 24 ಎಂದು ಬರೆದ ನನ್ನ ಸಹಪಾಠಿ ನೆನಪಾಗುತ್ತಾಳೆ. ಕಥೆಯ ಹುಡುಗಿಗೆ ಮದುವೆ ತಪ್ಪಿ ಗಣಿತ ಸಿಕ್ಕಿತು, ನಮ್ಮ ಹುಡುಗಿಗೆ ಮದುವೆ ಸಿಕ್ಕಿ ಗಣಿತ ತಪ್ಪಿತು. ಹತ್ತನೆಯಲ್ಲಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ಪಡೆದವಳು ಅವಳು. ಕಾಲೇಜಿಗೆ ಖಾನಾಪುರಕ್ಕೆ ದಿನಾ ಹೋಗಿಬರುವುದು ಬೇಡ ಎಂದು ಮನೆಯಲ್ಲಿ ನಿಲ್ಲಿಸಿದರು, ಕೆಲವು ವರ್ಷಕ್ಕೆ ಮದುವೆ ಮಾಡಿದರು. ನಾನು ಗಂಡುಹುಡುಗ, ಬೆಳಗಾವಿಗೆ ಹೋದೆ. ಈಗ ಅವಳು ಊರಲ್ಲೇ ಕಿರಾಣಿ ಅಂಗಡಿ ನಡೆಸುತ್ತಾಳೆ, ಮಹಿಳಾ ಸಂಘದ ಲೆಕ್ಕ ಪೂರ್ತಿ ಅವಳದೇ. ಇದನ್ನು ಇಲ್ಲಿ ಬರೆಯಲೇ ಎಂದು ಕೇಳಿದೆ. ಹೆಸರು ಬೇಡ, ಬರಿ ಅಂದಳು.

ಹೋದ ವರ್ಷ ಮೇ ರಜೆಯಲ್ಲಿ ಊರಿಗೆ ಬಂದಾಗ ಐದರಿಂದ ಏಳನೇ ತರಗತಿಯ ಹತ್ತು ಹನ್ನೆರಡು ಮಕ್ಕಳನ್ನು ಶಾಲೆಯ ವರಾಂಡದಲ್ಲಿ ಕೂಡಿಸಿಕೊಂಡು ನಾಲ್ಕು ದಿನ ಲೀಲಾವತಿಯ ಆಟ ಆಡಿಸಿದೆ. ಸೂತ್ರ ಹೇಳಲಿಲ್ಲ. 3, 9, 8 ಎಂದು ಬರೆದ ಕಾರ್ಡು ಕೊಟ್ಟೆ. ಎಲ್ಲರೂ ನಮ್ಮ ಹಾಗೆಯೇ ಮೊದಲು ಮನಸ್ಸಿಗೆ ಬಂದಂತೆ ಬರೆದರು, ಕೆಲವನ್ನು ಎರಡು ಸಲ ಬರೆದರು, ಕೆಲವನ್ನು ಬಿಟ್ಟರು. ಎಲ್ಲ ಬಂದವೇ, ಒಂದೂ ಬಿಟ್ಟಿಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಮಾತ್ರ ಕೇಳಿದೆ. ಆಗ ಹಾಳೆಗಳು ಬದಲಾದವು. ಒಬ್ಬ ಹುಡುಗ ಬೈಕಿನ ಕಿಲೋಮೀಟರ್ ಅಂಕಿ ತಿರುಗುವ ಹಾಗೆ ಕೊನೆಯ ಅಂಕಿಗಳನ್ನು ಮೊದಲು ಬದಲಿಸಿ, ಸಣ್ಣದರಿಂದ ದೊಡ್ಡದಕ್ಕೆ 389, 398, 839, 893, 938, 983 ಎಂದು ಬರೆದ. ಮೊತ್ತ ಕೇಳಿದಾಗ, ಪ್ರತಿ ಸಾಲಿನಲ್ಲೂ ಪ್ರತಿ ಅಂಕಿ ಎರಡೆರಡು ಸಲ ಬರುತ್ತದೆ, ಹಾಗಾಗಿ ಬಿಡಿಯಲ್ಲಿ 40, ಹತ್ತರಲ್ಲಿ 40, ನೂರರಲ್ಲಿ 40 ಎಂದು ಆರನೇ ತರಗತಿಯ ಒಬ್ಬಳು ಉದ್ದದ ಕೂಡಿಸುವಿಕೆ ಇಲ್ಲದೆಯೇ 4440 ಹೇಳಿದಳು.

ಮರುದಿನ ಕುಂದಾ, ಪೇಡೆ, ಕರದಂಟು, ಲಾಡು ಈ ನಾಲ್ಕರಲ್ಲಿ ಎರಡನ್ನು ತಟ್ಟೆಗೆ ಹಾಕಿಕೊಳ್ಳಿ, ಎಷ್ಟು ಬಗೆ ಎಂದೆ. ಕೆಲವರು 12 ಎಂದರು, ಕೆಲವರು 6. ಜಗಳವೇ ಆಯಿತು. ಕುಂದಾ ಪೇಡೆ ಆದರೇನು, ಪೇಡೆ ಕುಂದಾ ಆದರೇನು, ಹೊಟ್ಟೆಗೆ ಹೋಗುವುದು ಒಂದೇ ಎಂದು ಒಬ್ಬ ತೀರ್ಪು ಕೊಟ್ಟ. ದೇವರ ಕೈಯಲ್ಲಿ ಶಂಖ ಚಕ್ರ ಅದಲುಬದಲಾದರೆ ಮೂರ್ತಿಯೇ ಬೇರೆ, ತಟ್ಟೆಯಲ್ಲಿ ಅದಲುಬದಲಾದರೆ ತಟ್ಟೆ ಬೇರೆಯಲ್ಲ. ಕ್ರಮಯೋಜನೆಗೂ ವಿಕಲ್ಪಕ್ಕೂ ಇರುವ ವ್ಯತ್ಯಾಸ ಇಷ್ಟೇ. ನಾನು ಇದನ್ನು ತಿಳಿಯಲು ಇಂಜಿನಿಯರಿಂಗ್ ಮುಗಿಸಬೇಕಾಯಿತು, ಅವರಿಗೆ ಒಂದು ಮುಂಜಾನೆ ಸಾಕಾಯಿತು.

ಮೊತ್ತ ಹೇಳಿದ ಆ ಆರನೇ ತರಗತಿಯವಳು ಯಾರ ಮಗಳೆಂದು ನೀವು ಊಹಿಸಿರಬಹುದು.

ಭಾಸ್ಕರರ ಜೀವನದ ಕೊನೆಯ ಸಂಗತಿ ಅವರ ನಂತರದ್ದು. ಮಗ ಲಕ್ಷ್ಮೀಧರನನ್ನು ಯಾದವ ಅರಸು ಜೈತ್ರಪಾಲ ಕರೆಸಿಕೊಂಡು ಆಸ್ಥಾನದಲ್ಲಿ ಗೌರವ ಕೊಟ್ಟ. ಮೊಮ್ಮಗ ಚಾಂಗದೇವ ಸಿಂಘಣನ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳನ್ನು ಓದಿಸಲೆಂದೇ ಚಾಂಗದೇವ ಒಂದು ಮಠ, ಅಂದರೆ ಪಾಠಶಾಲೆ, ತೆರೆದ. ಚಾಳಿಸಗಾಂವದ ಹತ್ತಿರ ಪಾಟಣದಲ್ಲಿ ಸಿಕ್ಕ 1207ರ ಶಾಸನ ಇದನ್ನೆಲ್ಲ ಹೇಳುತ್ತದೆ. ಅಲ್ಲಿನ ಅರಸು ಮನೆತನ ಆ ಶಾಲೆಗೆ ದತ್ತಿ ಬಿಟ್ಟಿತು. ಊರಿನ ಸಂತೆಯಲ್ಲಿ ಮಾರುವ ಸರಕಿನ, ಗಾಣದ ಎಣ್ಣೆಯ ಒಂದು ಸಣ್ಣ ಪಾಲು ಶಾಲೆಗೆ ಸಲ್ಲಬೇಕೆಂದು ಕಲ್ಲಿನಲ್ಲಿ ಕೆತ್ತಿಸಿದರು. ಅಂದರೆ ಇಷ್ಟು ದೊಡ್ಡ ಆಚಾರ್ಯರ ವಿದ್ಯೆ ಉಳಿಯಲಿಕ್ಕೂ ಗಾಣದವನ ಎಣ್ಣೆ ಬೇಕಾಯಿತು.

ನಮ್ಮ ಶಾಲೆಯೂ ಹಾಗೆ ಎದ್ದದ್ದೇ. ಐವತ್ತು ವರ್ಷದ ಹಿಂದೆ ಒಬ್ಬರು ಜಾಗ ಕೊಟ್ಟರು, ಕೆಲವರು ಹೆಂಚು ಕೊಟ್ಟರು, ಕೊಡಲು ಏನೂ ಇಲ್ಲದವರು ಮೈಮುರಿದು ಕಲ್ಲು ಹೊತ್ತರು ಎಂದು ಹಿರಿಯರು ಹೇಳುವುದನ್ನು ಕೇಳುತ್ತ ಬೆಳೆದಿದ್ದೇವೆ. ನನಗೆ ಈಗ 36, ಆಚಾರ್ಯರು ಸಿದ್ಧಾಂತ ಶಿರೋಮಣಿ ಬರೆದ ವಯಸ್ಸು. ನನ್ನಿಂದ ಗ್ರಂಥ ಆಗುವುದಿಲ್ಲ. ಅಂಕಿಯ ಕಾರ್ಡು, ಚೀಟಿ, ಮಣಿಗಳ ಒಂದು ಪೆಟ್ಟಿಗೆ ಮಾಡಿಸಿ ಶಾಲೆಗೆ ಕೊಟ್ಟಿದ್ದೇನೆ. ಶನಿವಾರ ಮುಂಜಾನೆಯ ಶಾಲೆಯಲ್ಲಿ ಒಂದು ತಾಸು ಎಣಿಕೆಯ ಆಟಕ್ಕೆ ಬಿಡಬೇಕೆಂದು, ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಗುರುಗಳಲ್ಲಿ ಕೇಳಿಕೊಂಡಿದ್ದೇನೆ. ಊರವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಇನ್ನೊಂದೇ ಕೋರಿಕೆ. ಹತ್ತನೆಯ ನಂತರ ಖಾನಾಪುರಕ್ಕೋ ಬೆಳಗಾವಿಗೋ ಓದಲು ಹೊರಟ ನಮ್ಮ ಹೆಣ್ಣುಮಕ್ಕಳ ಬಸ್ ಪಾಸಿಗೆ, ಪುಸ್ತಕಕ್ಕೆ ಒಂದು ನಿಧಿ ಮಾಡೋಣ. ಗಾಣದ ಎಣ್ಣೆಯ ಪಾಲಿನಷ್ಟು ಸಣ್ಣದಾದರೂ ಸಾಕು. ಮೊದಲ ವಂತಿಗೆ ಈಗಾಗಲೇ ಬಂದಿದೆ, ಒಂದು ಕಿರಾಣಿ ಅಂಗಡಿಯಿಂದ.